ಅತ್ತೆಯ ಹಣೆಗೆ ಅಯಸ್ಕಾಂತ ಹಿಡಿದ ಬೇಸಿಗೆ

ಅತ್ತೆಯ ಬಲಗೈ ಹೆಬ್ಬೆರಳು ಒಮ್ಮೆ ಮಿಡುಕಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಿಡುಕಿತು. ಅವಳು ಮಡಿಲಲ್ಲೊಂದು ದಿಂಬು ಇಟ್ಟುಕೊಂಡು, ಅದರ ಮೇಲೆ ಕೈಯನ್ನು ಅಂಗಾತ ಚಾಚಿ, ಆಸ್ಪತ್ರೆಯ ದೊಡ್ಡ ಕುರ್ಚಿಗೆ ಒರಗಿದ್ದಳು. ಅವಳ ತಲೆಯ ಎಡಬದಿಗೆ ಡಾಕ್ಟರು ಒಂದು ಸಾಮಾನು ಹಿಡಿದಿದ್ದರು. ಎರಡು ಸಣ್ಣ ಕಾವಲಿಗಳನ್ನು ಅಕ್ಕಪಕ್ಕ ಅಂಟಿಸಿ ಹಿಡಿಕೆ ಹಾಕಿದ ಹಾಗಿತ್ತು ಅದು. ಅದು ‘ಟಕ್’ ಎಂದಾಗಲೆಲ್ಲ ಅತ್ತೆಯ ಹೆಬ್ಬೆರಳು ಕುಣಿಯುತ್ತಿತ್ತು.

“ನಾ ಆಡ್ಸಿದ್ದಲ್ಲ,” ಎಂದಳು ಅತ್ತೆ, ಕದ್ದು ಸಿಕ್ಕಿಬಿದ್ದವಳ ದನಿಯಲ್ಲಿ.

“ಗೊತ್ತುಂಟು ಅಮ್ಮ, ಆಡಿಸಿದ್ದು ನಾವು,” ಎಂದರು ಡಾಕ್ಟರು. “ನಿಮ್ಮ ತಲೆಯಲ್ಲಿ ಹೆಬ್ಬೆರಳಿನ ಮನೆ ಎಲ್ಲುಂಟು ಅಂತ ಹುಡುಕಿದ್ದು. ಅದು ಸಿಕ್ಕಿದರೆ ನಿಮಗೆ ಎಷ್ಟು ಜೋರು ಬೇಕು ಅಂತ ಗೊತ್ತಾಗ್ತದೆ. ಇನ್ನು ಇದನ್ನು ಸ್ವಲ್ಪ ಮುಂದೆ ತಂದು ಹಣೆಯ ಹತ್ತಿರ ಇಡುವುದು.”

ಅತ್ತೆ ತನ್ನ ಹೆಬ್ಬೆರಳನ್ನು ನೆಂಟರ ಮನೆಯ ಕೂಸನ್ನು ನೋಡುವಂತೆ ನೋಡಿದಳು. ಒಂದೂವರೆ ವರ್ಷದಲ್ಲಿ ಆ ಕೈ ಅಷ್ಟು ಚುರುಕಾಗಿ ಅಲ್ಲಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತೆಯೆಂದರೆ ನನ್ನ ಅಪ್ಪನ ಅಕ್ಕ. ಧಾರೇಶ್ವರದ ಹತ್ತಿರ, ನಮ್ಮೂರಲ್ಲೇ, ನಮ್ಮ ಗದ್ದೆಯಿಂದ ಎರಡು ಗದ್ದೆ ದಾಟಿದರೆ ಸಿಗುವ ಮನೆಗೆ ಮದುವೆಯಾಗಿದ್ದಳು. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಈರುಳ್ಳಿ. ಕುಮಟಾದ ಸಿಹಿ ಈರುಳ್ಳಿ ತಿಂದವರಿಗೆ ನಾನು ಹೇಳಬೇಕಾದ್ದಿಲ್ಲ. ತಿನ್ನದವರಿಗೆ ಹೇಳಿದರೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕ ಗಳಕ್ಕೆ ನೇತುಹಾಕಿದ ಗೊಂಚಲುಗಳನ್ನು ಬಸ್ಸಿನ ಕಿಟಕಿಯಿಂದ ಎಲ್ಲರೂ ನೋಡಿರುತ್ತಾರೆ. ಈರುಳ್ಳಿ ಕಿತ್ತು, ಎಲೆ ಬಾಡಲು ಬಿಟ್ಟು, ಆ ಎಲೆಯನ್ನೇ ಜಡೆಯಂತೆ ಹೆಣೆದು ಮಾಡುವ ಗೊಂಚಲು ಅದು. ಕೆಳಗೆ ದಪ್ಪ ಗಡ್ಡೆ, ಮೇಲೆ ಹೋದಂತೆ ಸಣ್ಣದು. ಅತ್ತೆ ಹೆಣೆದ ಗೊಂಚಲನ್ನು ನೆಲಕ್ಕೆ ಬಡಿದರೂ ಒಂದು ಗಡ್ಡೆ ಉದುರುತ್ತಿರಲಿಲ್ಲ. ಎಲ್ಲ ಹೆಬ್ಬೆರಳಿನ ಕೆಲಸ. ಎಲೆಯನ್ನು ಹೆಬ್ಬೆರಳಲ್ಲಿ ಅದುಮಿ ತಿರುವುತ್ತಿದ್ದಳು. ಬಾಯಿ ಬೇರೆಯದೇ ಕೆಲಸ ಮಾಡುತ್ತಿತ್ತು.

ನಾನು ಮಾತು ಕಲಿತದ್ದು ಆ ಬಾಯಿಂದ. ಅಮ್ಮ ಕೂಲಿಗೆ ಹೋದಾಗ ನಾನು ಅತ್ತೆಯ ಈರುಳ್ಳಿ ರಾಶಿಯ ಪಕ್ಕದಲ್ಲೇ ಬಿದ್ದಿರುತ್ತಿದ್ದೆ. “ಏಳು ಸೀರೆ ಉಟ್ಟ ಹೆಂಗ್ಸು, ಬಿಚ್ಚಿದವ್ರೇ ಅಳ್ತ್ರು. ಎಂತದು ಹೇಳು?” ಎನ್ನುತ್ತಿದ್ದಳು. ಕೈಯಲ್ಲೇ ಉತ್ತರ ಹಿಡಿದುಕೊಂಡು ಒಗಟು ಹೇಳುವ ಧೈರ್ಯ ಅವಳದು. ನೆಟ್ಟಿ ಹಾಡು, ಹರಕೆ ಹಾಡು, ಬೈಗುಳದ ಹಾಡು ಎಲ್ಲ ಬರುತ್ತಿತ್ತು. ಯಾರಾದರೂ ದಾರಿಯಲ್ಲಿ ನಿಂತು “ಬೆಳೆ ಹೆಂಗದೆ?” ಎಂದು ಕೇಳಿದರೆ ಮಾತ್ರ ಆ ಬಾಯಿ ಗಿಡ್ಡವಾಗುತ್ತಿತ್ತು. ಗಡ್ಡೆ ದಪ್ಪಗಾಗಿ ಮಣ್ಣು ಬಿರಿದ ವರ್ಷವೂ ಅವಳ ಉತ್ತರ ಒಂದೇ: “ಎಂತ ಬೆಳೆ, ಹಾಂಗೇ ಅದೆ.”

ಇಂಥವಳು ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಸುಮ್ಮನಾದಳು. ಕಾರಣ ಹುಡುಕಿ ಸೋತೆವು. ಸಾವಿಲ್ಲ, ಜಗಳವಿಲ್ಲ, ಜ್ವರವಿಲ್ಲ. ಬೆಳಿಗ್ಗೆ ಎದ್ದು ಚಾಪೆಯ ಮೇಲೆಯೇ ಕೂರುತ್ತಿದ್ದಳು. ಅನ್ನ ಬಡಿಸಿದರೆ ಉಣ್ಣುತ್ತಿದ್ದಳು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಎಷ್ಟೋ ಸಲ ಕೇಳಿದ ಮೇಲೆ ಒಂದು ದಿನ ನನಗೆ ಹೇಳಿದಳು: “ಕೈ ಅದೆ, ಕಾಲು ಅದೆ ಮಗಾ. ಮನ್ಸೇ ಏಳುದಿಲ್ಲ.” ಆ ವರ್ಷದ ಈರುಳ್ಳಿ ಹೆಣೆಯುವವರಿಲ್ಲದೆ ರಾಶಿಯಾಗಿ ಬಿದ್ದು ಅರ್ಧ ಕೊಳೆಯಿತು. ಅವಳ ಗಂಡ, ನನ್ನ ಮಾವ, ಧಾರೇಶ್ವರನಿಗೆ ಹರಕೆ ಹೊತ್ತರು, ತಾಯತ ತಂದರು, ಆಮೇಲೆ ಕುಮಟಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಇದೊಂದು ಕಾಯಿಲೆ, ಮದ್ದಿದೆ ಎಂದರು. ಒಂದು ಗುಳಿಗೆಗೆ ತಲೆ ತಿರುಗಿ ಬಾವಿಕಟ್ಟೆಯ ಹತ್ತಿರ ಬಿದ್ದಳು. ಇನ್ನೊಂದಕ್ಕೆ ಹೊಟ್ಟೆ ತೊಳಸಿ ಅನ್ನವೇ ಬೇಡವಾಯಿತು. ಮೂರನೆಯದನ್ನು ಕೊಡುವ ಮೊದಲು ಆ ಡಾಕ್ಟರೇ ಒಂದು ಕಾಗದ ಬರೆದುಕೊಟ್ಟರು. ದಕ್ಷಿಣದ ಒಂದು ದೊಡ್ಡ ಆಸ್ಪತ್ರೆಗೆ ಹೊಸ ಯಂತ್ರ ಬಂದಿದೆ, ಕುಯ್ಯುವುದಿಲ್ಲ, ಚುಚ್ಚುವುದಿಲ್ಲ, ಹೊರಗಿಂದಲೇ ತಲೆಗೆ ಅಯಸ್ಕಾಂತ ಹಿಡಿಯುತ್ತಾರೆ, ನೋಡಿ ಬನ್ನಿ ಎಂದು.

ಎರಡು ಸಾವಿರದ ಆರೋ ಏಳೋ ಇರಬೇಕು. ನಾನಾಗ ಭಟ್ಕಳದ ಸರಕಾರಿ ಶಾಲೆಯೊಂದರಲ್ಲಿ ಟೀಚರು. ನಾಲ್ಕು ವಾರ, ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಬೇಕು ಎಂದಾಗ ಧಾರೇಶ್ವರದಿಂದ ಆಗದ ಮಾತು. ಭಟ್ಕಳದಿಂದಾದರೆ ಬೆಳಗಿನ ಬಸ್ಸು ಹಿಡಿದು ಮಧ್ಯಾಹ್ನ ಮೀರುವುದರೊಳಗೆ ಮನೆಗೆ ಬರಬಹುದು. ಹೇಗೂ ಬೇಸಿಗೆ ರಜೆ. ಅತ್ತೆಯನ್ನು ನನ್ನ ಬಾಡಿಗೆ ಮನೆಗೆ ಕರೆತಂದೆ.

ಬಿಡಲು ಬಂದ ಮಾವ ಜಗಲಿಯಲ್ಲಿ ಕೂತು ಕೇಳಿದರು: “ತಲೆಗೆ ಕರೆಂಟು ಕೊಡ್ತ್ರಂತಲ್ಲೇ? ಜೀವಕ್ಕೆ ಎಂತಾರೂ ಆದ್ರೆ?”

“ಕರೆಂಟಲ್ಲ ಮಾವ, ಅಯಸ್ಕಾಂತ. ನಿಮ್ಮ ಪಂಪು ನೀರು ಎಳೀದಿದ್ರೆ ಎಂತ ಮಾಡ್ತ್ರಿ?”

“ಮೇಲಿಂದ ಒಂದು ಕೊಡ ನೀರು ಹೊಯ್ದು ಎಬ್ಬಿಸ್ತ್ರು.”

“ಇದೂ ಹಾಂಗೇ. ಎಬ್ಬಿಸೂದು, ಅಷ್ಟೇ.”

ಡಾಕ್ಟರು ನನಗೆ ಹೇಳಿದ್ದರಲ್ಲಿ ಅರ್ಧ ನನಗೇ ಅರ್ಥವಾಗಿರಲಿಲ್ಲ. ಅಯಸ್ಕಾಂತ ಬಡಿದಾಗ ಮಿದುಳಿನ ಆ ಜಾಗದಲ್ಲಿ ಸಣ್ಣದೊಂದು ವಿದ್ಯುತ್ ಎಚ್ಚರಾಗುತ್ತದಂತೆ. ಕುಗ್ಗಿಹೋದ ಉತ್ಸಾಹ ಕೆಲವರಲ್ಲಿ ಹಾಗೆ ಏಳುತ್ತದಂತೆ. ಮಾವನಿಗೆ ಪಂಪಿನ ಮಾತು ಸಾಕಾಯಿತು. ಎದ್ದು ಹೊರಟರು.

ತಲೆಯ ಹತ್ತಿರ ಲೋಹ ಇರಬಾರದು ಎಂದು ಆಸ್ಪತ್ರೆಯವರು ಮೊದಲೇ ಹೇಳಿದ್ದರು. ಓಲೆ ಬಂತು, ಹೇರ್‌ಪಿನ್ನು ಬಂತು, ಮದುವೆಯಲ್ಲಿ ಹಾಕಿದ ಮೂಗುತಿ ಮಾತ್ರ ಬರಲಿಲ್ಲ. ಅದನ್ನು ತೆಗೆದದ್ದು ಬೀಬಮ್ಮ. ನನ್ನ ಮನೆಯ ಒಡತಿ, ಭಟ್ಕಳದ ನವಾಯತ ಮುಸ್ಲಿಂ ಹೆಂಗಸು. ಅದೇ ಮನೆಯ ಇನ್ನೊಂದು ಅರ್ಧದಲ್ಲಿದ್ದರು, ಜಗಲಿ ಇಬ್ಬರಿಗೂ ಒಂದೇ. ಕೊಬ್ಬರಿ ಎಣ್ಣೆ ಬಿಟ್ಟು, ಅತ್ತೆಯ ಗಲ್ಲ ಹಿಡಿದು, ಮೆಲ್ಲಗೆ ತಿರುಪು ಬಿಚ್ಚಿ, ತೂತು ಮುಚ್ಚದಂತೆ ಬೇವಿನ ಕಡ್ಡಿ ಚೂರನ್ನು ಸಿಕ್ಕಿಸಿದರು. “ಗುಣ ಆಗ್ಲಿ, ನಾನೇ ತಿರುಗಿ ಹಾಕ್ತೇನೆ,” ಎಂದರು.

ಹೀಗೆ ಶುರುವಾಯಿತು. ಬೆಳಿಗ್ಗೆ ಬಸ್ಸು, ಆಸ್ಪತ್ರೆ, ಕುರ್ಚಿ, ಕಿವಿಗೆ ಹತ್ತಿಯಂಥ ಬಿರಡೆ. ಯಂತ್ರ ಮರಕುಟಿಗದ ಹಾಗೆ ಟಕಟಕಟಕ ಎಂದು ಬಡಿಯುವುದು, ಅರ್ಧ ನಿಮಿಷದಷ್ಟು ಸುಮ್ಮನಿರುವುದು, ಮತ್ತೆ ಬಡಿಯುವುದು. ಅತ್ತೆಗೆ ಹಣೆಯ ಮೇಲೆ ಯಾರೋ ಬೆರಳ ಗೆಣ್ಣಿನಿಂದ ಕುಟ್ಟಿದ ಹಾಗಾಗುತ್ತಿತ್ತಂತೆ. ಮೊದಲ ಎರಡು ದಿನ ತಲೆನೋವು ಬಂತು, ಆಮೇಲೆ ಬರಲಿಲ್ಲ. ಎಲ್ಲ ಮುಗಿದ ಮೇಲೆ ಯಂತ್ರ ನೋಡಿಕೊಳ್ಳುವ ಹುಡುಗಿ ಒಂದು ಹಾಳೆ ಹಿಡಿದು ಬರುತ್ತಿದ್ದಳು.

“ಅಮ್ಮ, ಇವತ್ತು ಮನಸ್ಸು ಹೇಗುಂಟು? ಸೊನ್ನೆ ಅಂದ್ರೆ ತುಂಬಾ ಬೇಜಾರು, ಹತ್ತು ಅಂದ್ರೆ ತುಂಬಾ ಖುಷಿ.”

“ಎಂತ, ಹಾಂಗೇ ಅದೆ.”

“ಹಾಗೇ ಅಂದ್ರೆ ಎಷ್ಟು?”

“ನಿನ್ನೆ ಎಷ್ಟು ಬರ್ದಿದ್ಯೆ?”

“ಎರಡು.”

“ಹಾಂಗಾರೆ ಅದನ್ನೇ ಬರಿ.”

ಹುಡುಗಿ ಎರಡು ಬರೆಯುತ್ತಿದ್ದಳು. ಇದು ಎಲ್ಲ ದಿನವೂ ನಡೆಯಿತು. ಎರಡನೆಯ ವಾರ ಮುಗಿದ ಶುಕ್ರವಾರ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಮುಂದೆ ಆ ಹಾಳೆ ಇತ್ತು. ಮೇಲಿಂದ ಕೆಳಗಿನವರೆಗೆ ಎರಡು, ಎರಡು, ಎರಡು.

“ನಾನು ಮೊದಲೇ ಹೇಳಿದ್ದೆ, ಇದು ಕೆಲವರಿಗೆ ಹಿಡೀತದೆ, ಕೆಲವರಿಗೆ ಇಲ್ಲ,” ಎಂದರು. ಸಿಟ್ಟಿರಲಿಲ್ಲ, ಬೇಸರವಿತ್ತು. “ಈಗಾಗಲೇ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕಿತ್ತು. ಸುಮ್ಮನೆ ಇವರನ್ನು ದಿನಾ ಬಸ್ಸಿನಲ್ಲಿ ಯಾಕೆ ಅಲೆದಾಡಿಸುವುದು? ಟೀಚರೇ, ನೀವು ಜೊತೆಗಿರುವವರು. ನಿಮಗೇನಾದರೂ ಕಂಡಿತಾ?”

ಅತ್ತೆ ನನ್ನ ಪಕ್ಕದಲ್ಲೇ ಇದ್ದಳು. ನಾನು ಬಾಯಿ ತೆರೆದೆ. ಬಂದ ಮಾತು ಇದು: “ಅಂಥದ್ದೇನಿಲ್ಲ ಡಾಕ್ಟ್ರೇ. ಹಾಗೇ ಇದೆ.”

“ಸೋಮವಾರ ಒಮ್ಮೆ ನೋಡುವ,” ಎಂದರು ಅವರು. “ಹೀಗೇ ಇದ್ದರೆ ನಿಲ್ಲಿಸಿಬಿಡುವ. ಬೇರೆ ದಾರಿ ಉಂಟು. ನಿದ್ದೆ ಬರಿಸಿ ಕರೆಂಟು ಕೊಡುವುದು. ಹೆದರಬೇಡಿ, ಸಿನಿಮಾದಲ್ಲಿ ತೋರಿಸುವ ಹಾಗಲ್ಲ. ಅದರಿಂದ ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದಾರೆ.”

ಅವರು ಹೇಳಿದ್ದು ನಿಜವೇ ಇರಬೇಕು. ಆದರೆ ಅತ್ತೆ ಕರೆಂಟಿನ ಮಾತು ಕೇಳಿದ್ದೇ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು. ಬಸ್ಸಿನಲ್ಲಿ ಶಿರೂರು ದಾಟಿದ ಮೇಲೆ ಹೇಳಿದಳು: “ಅದಾದ್ರೆ ನಾ ಬರುದಿಲ್ಲ ಮಗಾ. ನನ್ನ ಮನೆಗೆ ಬಿಡು. ಹೆಂಗೆ ಇದ್ನೋ ಹಾಂಗೆ ಇರ್ತೆ.”

ಅವಳು ಹೇಳಿದರೆ ಹೇಳಿದ ಹಾಗೆ. ಇದು ನಿಂತರೆ ಮುಂದೆ ಮದ್ದಿಲ್ಲ, ಡಾಕ್ಟರಿಲ್ಲ. ಚಾಪೆ, ಗೋಡೆ, ಅತ್ತೆ, ಅಷ್ಟೇ.

ಸಂಜೆ ಅತ್ತೆ ಒಳಗೆ ಮಲಗಿದ್ದಳು. ಬೀಬಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಹಾಳೆಯ ಮೇಲೆ ಎರಡೆರಡೆಂದು ಇಳಿದದ್ದು, ಡಾಕ್ಟರು ಕೇಳಿದ್ದು, ನಾನು ಹೇಳಿದ್ದು. ಬೀಬಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ನನ್ನ ಮುಖ ನೋಡಿದರು.

“ಏನೂ ಇಲ್ಲ ಅಂತ ಹೇಳಿದ್ರಾ ನೀವು?”

“ಹೌದು.”

“ಅರೇ ಟೀಚರ್! ಮೊನ್ನೆ ನಿಮ್ಮ ಅತ್ತೆ ಈ ಬಾಗಿಲಿಗೆ ಬಂದು ಎಂತ ಹೇಳಿದ್ರು ಗೊತ್ತುಂಟಾ? ‘ಬೀಬಮ್ಮ, ನಿಮ್ಮ ಮಲ್ಲಿಗೆ ಬುಡಕ್ಕೆ ಇರುವೆ ಹತ್ತಿದೆ, ಒಲೆ ಬೂದಿ ಹಾಕಿ’ ಅಂದ್ರು. ನಾನು ಕೇಳಿದ್ನಾ? ಇಲ್ಲ. ಅವರೇ ಬಂದ್ರು. ಬಂದು ಹೇಳಿ ಹೋದ್ರು.”

ನನಗೆ ಒಂದೊಂದಾಗಿ ನೆನಪಾಗತೊಡಗಿತು. ಬುಧವಾರ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ, “ಆ ಕಲ್ಲಂಗಡಿ ಬಳ್ಳಿಗೆ ನೀರು ಸಾಲ್ದು,” ಎಂದಿದ್ದಳು. ಗುರುವಾರ ಆಸ್ಪತ್ರೆಯ ಕ್ಯಾಂಟೀನಿನ ಚಾ ಕುಡಿದು, “ಇದು ಚಾ ಅಲ್ಲ, ಲೋಟ ತೊಳ್ದ ನೀರು,” ಎಂದಿದ್ದಳು. ಅದಕ್ಕೂ ಹಿಂದಿನ ಒಂದೂವರೆ ವರ್ಷದಲ್ಲಿ ಅವಳು ಯಾವ ಚಹಾಕ್ಕೂ ಹೆಸರಿಟ್ಟು ಕೊಂಕು ತೆಗೆದಿರಲಿಲ್ಲ. ಇದನ್ನೆಲ್ಲ ನಾನು ಕಂಡಿದ್ದೆ, ಒಳಗೊಳಗೇ ಖುಷಿಪಟ್ಟಿದ್ದೆ. ಮತ್ತೇಕೆ ಹೇಳಲಿಲ್ಲ?

“ಕಣ್ಣು ತಾಗ್ತದೆ ಅಂತ ಹೇಳ್ಲಿಲ್ಲ,” ಎಂದರು ಬೀಬಮ್ಮ, ನನ್ನ ತಲೆಯೊಳಗೇ ಕೂತವರ ಹಾಗೆ. “ನಮ್ಮಲ್ಲೂ ಉಂಟು. ಆದ್ರೆ ನಾವು ಮೊದ್ಲು ಮಾಶಾಅಲ್ಲಾ ಹೇಳ್ತೇವೆ, ಆಮೇಲೆ ಒಳ್ಳೇದನ್ನ ಧೈರ್ಯವಾಗಿ ಹೇಳ್ತೇವೆ. ನಿಮ್ಮ ಜನಕ್ಕೆ ಅದೂ ಇಲ್ಲ. ನೀವು ಬಾಯೇ ಬಂದ್ ಮಾಡ್ತೀರಿ!”

ನಗು ಬಂತು, ಅಳುವೂ ಬಂತು. ಹೌದಲ್ಲ! ನಮ್ಮ ಮನೆಗಳಲ್ಲಿ ಕೂಸು ದುಂಡಗಿದ್ದರೆ “ಉಣ್ಣುದೇ ಇಲ್ಲ ಇದು” ಎನ್ನಬೇಕು. ಎಮ್ಮೆ ತಂಬಿಗೆ ತುಂಬ ಹಾಲು ಕೊಟ್ಟರೆ “ಕರುಗೇ ಸಾಲ್ದು” ಎನ್ನಬೇಕು. ನಾನು ಟೀಚರ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದಾಗ ಊರಿಗೆಲ್ಲ “ಹೆಂಗೋ ಪಾಸಾತು” ಎಂದು ಹೇಳಿದ್ದು ಇದೇ ಅತ್ತೆ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದ ಬೆಳೆ ಮರುದಿನ ಒಣಗುತ್ತದೆ, ಇದು ನಮಗೆ ಹಾಲಿನ ಜೊತೆ ಕುಡಿಸಿದ ಪಾಠ. ಇಂಥವಳ ಮುಂದೆ ಸೊನ್ನೆಯಿಂದ ಹತ್ತರ ಹಾಳೆ ಹಿಡಿದರೆ ಅವಳು ಏಳೋ ಎಂಟೋ ಹೇಳಿಯಾಳೆ? ಅವಳದಿರಲಿ, ನಾನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು, ನನ್ನ ನಾಲಿಗೆಯೂ ಅದೇ ದಾರಿ ಹಿಡಿದಿತ್ತು.

“ಸೋಮವಾರ ಹೋಗಿ ಡಾಕ್ಟರಿಗೆ ಸರಿಯಾಗಿ ಹೇಳಿ,” ಎಂದರು ಬೀಬಮ್ಮ. “ನಿಮಗೆ ಆಗದಿದ್ರೆ ನಾನೇ ಬರ್ತೇನೆ.”

ಹೇಳಬಹುದಿತ್ತು. ಆದರೆ ಶುಕ್ರವಾರ ಇಲ್ಲ ಎಂದವಳು ಸೋಮವಾರ ಇದೆ ಎಂದರೆ ಡಾಕ್ಟರು ನಂಬುತ್ತಾರೆಯೆ? ಕರೆಂಟಿಗೆ ಹೆದರಿ ಸುಳ್ಳು ಹೇಳುತ್ತಿದ್ದಾಳೆ ಎನ್ನುವುದಿಲ್ಲವೆ? ಶನಿವಾರ ಪೂರ್ತಿ ಇದನ್ನೇ ಅರೆದೆ.

ಭಾನುವಾರ ಬೆಳಿಗ್ಗೆ ಮಾವ ಬಂದರು. ಹೆಗಲ ಮೇಲೆ ಚೀಲ. ಆ ವರ್ಷ ಊರಿನವರ ಸಹಾಯ ಪಡೆದು ಈರುಳ್ಳಿ ಮಾಡಿದ್ದರು. ಕಿತ್ತು, ತಾವೇ ಹೆಣೆದು, ಎಂಟು ಗೊಂಚಲು ತಂದಿದ್ದರು, ನಾಲ್ಕು ನಮಗೆ, ನಾಲ್ಕು ಬೀಬಮ್ಮನಿಗೆ. ಚೀಲ ಬಿಚ್ಚುವಾಗಲೇ ಮೂರು ಗಡ್ಡೆ ಉದುರಿ ಜಗಲಿಯ ಮೆಟ್ಟಿಲಿಳಿದು ಅಂಗಳಕ್ಕೆ ಹೋದವು. ಮಾವ ಒಂದು ಗೊಂಚಲನ್ನು ಬಾಗಿಲ ಮೊಳೆಗೆ ಸಿಕ್ಕಿಸಿದರು. ಸಿಕ್ಕಿಸಿದ್ದೇ ಇನ್ನೆರಡು ಉದುರಿದವು.

ಒಳಗಿನಿಂದ ಅತ್ತೆ ಬಂದಳು. ಬಾಗಿಲಲ್ಲಿ ನಿಂತು ಗೊಂಚಲನ್ನು ನೋಡಿದಳು.

“ಯಾರು ಹೆಣ್ದದ್ದು ಇದು?”

“ನಾನೇಯ,” ಎಂದರು ಮಾವ.

“ಗೊಂಚಲೋ ಎಮ್ಮೆ ಬಾಲವೋ? ಇದನ್ನ ಹೊತ್ಕಂಡು ಹೊನ್ನಾವರ ಸೇತುವೆ ದಾಟಿ ಬಂದ್ರ್ಯಾ? ಕಂಡವ್ರು ನಗ್ಲಿಲ್ವಾ?”

“ನೀ ಹೆಣೀದಿದ್ರೆ ನಾ ಎಂತ ಮಾಡೂದು ಮಾರಾಯ್ತಿ?”

“ಸುಮ್ಗಿರಿ. ಒಂದು ಚೊಂಬು ನೀರು ತಾ ಮಗಾ.”

ನೀರು ತಂದೆ. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತಳು. ಗೊಂಚಲನ್ನು ಪೂರಾ ಬಿಚ್ಚಿದಳು. ಒಣಗಿದ ಎಲೆ ಮುರಿಯದ ಹಾಗೆ ನೀರು ಚಿಮುಕಿಸಿ, ಸೆರಗಿನಡಿ ಮುಚ್ಚಿ, ಮೆತ್ತಗಾಗುವವರೆಗೆ ಕಾದಳು. ಆಮೇಲೆ ದಪ್ಪದ್ದು, ನಡುವಿನದು, ಸಣ್ಣದು ಎಂದು ಮೂರು ರಾಶಿ ಮಾಡಿ ಹೆಣೆಯತೊಡಗಿದಳು. ಮೊದಲನೆಯ ಗೊಂಚಲಿಗೆ ಬಹಳ ಹೊತ್ತು ಹಿಡಿಯಿತು. ನಡುವೆ ಎರಡು ಸಲ ಕೈ ನಿಂತಿತು. ಮತ್ತೆ ಬಿಟ್ಟುಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ನಾಲ್ಕನೆಯದಕ್ಕೆ ಬರುವಾಗ ಹೆಬ್ಬೆರಳು ಹಳೆಯ ಓಟ ಹಿಡಿದಿತ್ತು. ಮಾವ ಕಂಬಕ್ಕೆ ಒರಗಿ ನೋಡುತ್ತಿದ್ದವರು, ಹೆಗಲ ಪಂಚೆಯಿಂದ ಮುಖ ಒರೆಸಿಕೊಂಡು, “ಸೆಕೆ, ಸೆಕೆ” ಎಂದರು. ಸೆಕೆ ಇದ್ದದ್ದು ಹೌದು.

ಬೀಬಮ್ಮ ತಮ್ಮ ಬಾಗಿಲಿಂದ ಇಣುಕಿ, ನನ್ನ ಕಡೆ ನೋಡಿ, ತುಟಿಯಲ್ಲೇ ‘ಮಾಶಾಅಲ್ಲಾ’ ಎಂದರು. ಹೆಣೆದ ಗೊಂಚಲನ್ನು ಕೈಗೆ ತೆಗೆದುಕೊಂಡಾಗ ಮಾತ್ರ ಅವರೂ ಬಲು ಜಾಣೆ: “ಏನೋ ಸುಮಾರಾಗಿದೆ,” ಎಂದರು. ಅತ್ತೆಗೆ ಸಮಾಧಾನವಾಯಿತು.

ಸೋಮವಾರ ಆಸ್ಪತ್ರೆಗೆ ಹೋಗುವಾಗ ಒಂದು ಗೊಂಚಲನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡೆ. “ಡಾಕ್ಟ್ರಿಗಾ? ಒಳ್ಳೇದಾತು, ಬರಿಗೈಲಿ ಹೋಗೂಕಾಗ,” ಎಂದಳು ಅತ್ತೆ. ನನ್ನ ಲೆಕ್ಕಾಚಾರ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರು ಹಾಳೆ ಮುಂದಿಟ್ಟುಕೊಂಡೇ ಕೇಳಿದರು: “ಹೇಗುಂಟು ಅಮ್ಮ ಮನಸ್ಸು?”

“ಎಂತ, ಹಾಂಗೇ ಅದೆ.”

ಅವರು ಪೆನ್ನು ತೆಗೆದರು. ನಾನು ಗೊಂಚಲನ್ನು ಮೇಜಿನ ಮೇಲೆ ಇಟ್ಟೆ. ಹಾಳೆ ಅದರಡಿಯಲ್ಲಿ ಸಿಕ್ಕಿಕೊಂಡಿತು.

“ಡಾಕ್ಟ್ರೇ, ಬರೆಯುವ ಮೊದಲು ಒಂದು ಮಾತು. ಶುಕ್ರವಾರ ನಾನು ಹೇಳಿದ್ದು ಸುಳ್ಳು. ಸುಳ್ಳೂ ಅಲ್ಲ, ನಮ್ಮ ಪದ್ಧತಿ.” ಹೀಗೆ ತೊದಲುತ್ತಲೇ ಎಲ್ಲ ಹೇಳಿದೆ. ಬೆಳೆಯದ್ದು, ಎಮ್ಮೆಯದ್ದು, ಚಹಾದ್ದು, ಕಲ್ಲಂಗಡಿಯದ್ದು, ಬೂದಿಯದ್ದು. ಅತ್ತೆ ನನ್ನ ಮೊಣಕೈ ಚಿವುಟುತ್ತಿದ್ದಳು. ಅಷ್ಟು ಹೊತ್ತೂ ಡಾಕ್ಟರು ಗಂಭೀರವಾಗಿಯೇ ಇದ್ದರು. ಕೊನೆಗೆ ಕನ್ನಡಕ ತೆಗೆದರು.

“ನಮ್ಮ ಅಜ್ಜಿಗೆ ತೊಂಬತ್ತು ದಾಟಿತ್ತು,” ಎಂದರು. “ದಿನಾ ಎರಡು ಹೊತ್ತು ಊಟ ಮಾಡಿ, ತೋಟಕ್ಕೆಲ್ಲ ಒಂದು ಸುತ್ತು ಹಾಕಿ ಬಂದು, ಯಾರಾದರೂ ಹೇಗಿದ್ದೀರಿ ಅಂದರೆ ‘ಇನ್ನು ಎರಡು ದಿನ’ ಅನ್ನುತ್ತಿದ್ದರು. ಹತ್ತು ವರ್ಷ ಹಾಗೇ ಅಂದರು. ನನಗೆ ಇದು ಹೊಳೆಯಬೇಕಿತ್ತು.”

ಆಮೇಲೆ ಅತ್ತೆಯ ಕಡೆ ಕುರ್ಚಿ ತಿರುಗಿಸಿದರು. “ಅಮ್ಮ, ಮನಸ್ಸು ಹೇಗುಂಟು ಅಂತ ನಾನಿನ್ನು ಕೇಳುವುದಿಲ್ಲ. ನಿನ್ನೆ ಎಂತ ಮಾಡಿದಿರಿ, ಅದನ್ನು ಹೇಳಿ.”

“ಎಂತ ಮಾಡೂದು. ಇವಳ ಮಾವ ಹೆಣ್ಕಂಡು ಬಂದದ್ದು ನೋಡೂಕೆ ಆಗ್ಲಿಲ್ಲ. ಬಿಚ್ಚಿ ಹೆಣ್ದೆ.”

“ಎಷ್ಟು?”

“ಎಂಟು.”

“ಹೆಣೆಯಿರಿ ಅಂತ ಯಾರಾದರೂ ಹೇಳಿದರಾ?”

“ಹೇಳೂದೆಂತಕ್ಕೆ? ನೋಡೂಕೆ ಆಗ್ಲಿಲ್ಲ ಅಂದ್ನಲ್ಲ!” ಅತ್ತೆಗೆ ರೇಗಿತು. ಇಷ್ಟು ಓದಿದವರಿಗೆ ಒಂದೇ ಮಾತನ್ನು ಎಷ್ಟು ಸಲ ಹೇಳುವುದು ಎಂಬಂತೆ ನನ್ನ ಮುಖ ನೋಡಿದಳು.

“ನನಗೆ ಬೇಕಾದ್ದು ಇದೇ,” ಎಂದರು ಡಾಕ್ಟರು. ಯಂತ್ರದ ಹುಡುಗಿಯನ್ನು ಕರೆದು, ಹಾಳೆಯ ಹಿಂಬದಿಯಲ್ಲಿ ಬರೆದುಕೊಳ್ಳಲು ಹೇಳಿದರು: ನಿನ್ನೆ ತಾನಾಗಿಯೇ ಏನು ಮಾಡಿದರು? ಯಾವುದಕ್ಕೆ ಹೆಸರಿಟ್ಟರು? “ಇನ್ನು ಈ ಅಮ್ಮನನ್ನು ಇಷ್ಟೇ ಕೇಳು. ಕುರ್ಚಿಗೆ ಕರಕೊಂಡು ಹೋಗು. ಉಳಿದ ಎರಡು ವಾರ ಮುಗಿಸುವ.”

ಕಾರಿಡಾರಿಗೆ ಬಂದು ಬೆಂಚಿನ ಮೇಲೆ ಕೂತೆ. ಒಳಗೆ ಟಕಟಕಟಕ ಶುರುವಾಯಿತು. ಶುಕ್ರವಾರದಿಂದ ಸರಿಯಾಗಿ ಉಂಡಿರಲಿಲ್ಲ, ವಿಪರೀತ ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಎರಡು ಬನ್ಸ್ ತಿಂದು, ಅತ್ತೆ ಹೆಸರಿಟ್ಟ ಆ ಚಹಾವನ್ನೂ ಕುಡಿದೆ. ನಿಜ ಹೇಳಬೇಕೆಂದರೆ ಲೋಟ ತೊಳೆದ ನೀರೇ.

ಉಳಿದ ಎರಡು ವಾರದಲ್ಲಿ ಹಾಳೆಯ ಹಿಂಬದಿ ತುಂಬಿತು. ಬಸ್ಸಿನ ಕಂಡಕ್ಟರ ಜೊತೆ ಜಗಳ. ಬೀಬಮ್ಮನ ಹಿತ್ತಲಿಗೆ ಬಸಳೆ ಬಳ್ಳಿ. ನನ್ನ ಮೀನುಸಾರಿಗೆ ಹುಳಿ ಹೆಚ್ಚಾದದ್ದು, ಮರುದಿನ ಉಪ್ಪು ಕಡಿಮೆಯಾದದ್ದು. ಒಂದು ದಿನ ಆ ಹುಡುಗಿ ಹೊರಗೆ ಬಂದು, “ಟೀಚರೇ, ಇವತ್ತು ನಿಮ್ಮ ಅತ್ತೆ ನನಗೇ ಹೆಸರಿಟ್ಟರು. ಜಡೆ ಸಡಿಲ ಹೆಣೆದಿದ್ದೀ ಅಂತ ಬಿಚ್ಚಿ ಹೆಣೆದರು,” ಎಂದು ತಲೆ ತಿರುಗಿಸಿ ತೋರಿಸಿದಳು. ಬಿಗಿ ಎಂದರೆ ಬಿಗಿ, ಹುಡುಗಿಯ ಹುಬ್ಬು ಮೇಲೇರಿತ್ತು.

ಕೊನೆಯ ದಿನ ಬೀಬಮ್ಮ ಬೇವಿನ ಕಡ್ಡಿ ತೆಗೆದು ಮೂಗುತಿ ತಿರುಗಿ ಹಾಕಿದರು. ಅತ್ತೆಯನ್ನು ಊರಿಗೆ ಬಿಡಲು ನಾನೇ ಹೋದೆ. ಹೊನ್ನಾವರದಲ್ಲಿ ಬಸ್ಸು ನಿಂತಾಗ ಅವಳು ಇಳಿದು, ಶೆಟ್ಲಿಗೆ, ಅಂದರೆ ಸಿಗಡಿಗೆ, ಬೆಲೆ ಹೆಚ್ಚು ಹೇಳಿದ ಮೀನಿನವಳ ಜೊತೆ ಚೌಕಾಸಿ ಮಾಡುತ್ತ ನಿಂತು, ಡ್ರೈವರು ಹಾರನ್ನು ಒತ್ತಿದರೂ ಕದಲಲಿಲ್ಲ. ಬಸ್ಸು ಹತ್ತಿದಾಗ ಶೆಟ್ಲಿಯೂ ಅವಳ ಕೈಯಲ್ಲಿತ್ತು.

ಎಲ್ಲ ಒಂದೇ ಸಲಕ್ಕೆ ಸರಿಹೋಯಿತು ಎಂದು ಹೇಳಲಾರೆ. ಮುಂದಿನ ಆಷಾಢದಲ್ಲಿ ಮತ್ತೆ ಸ್ವಲ್ಪ ಕುಸಿದಳು. ಈ ಸಲ ಮಾವ ತಾಯತ ಹುಡುಕಲಿಲ್ಲ. “ಪಂಪು ಮತ್ತೆ ನೀರು ಎಳೆಯುದಿಲ್ಲ, ಬರ್ತ್ರು ನಾವು,” ಎಂದು ನನ್ನ ಶಾಲೆಗೆ ಫೋನು ಮಾಡಿದರು. ಕೆಲವು ದಿನ ಮತ್ತೆ ಕುರ್ಚಿ, ಮತ್ತೆ ಟಕಟಕ, ಜೊತೆಗೆ ಅವಳಿಗೆ ಒಗ್ಗುವ ಒಂದು ಸಣ್ಣ ಗುಳಿಗೆ. ನವರಾತ್ರಿಯ ಹೊತ್ತಿಗೆ ಎದ್ದಳು.

ಅದರ ಮರುಬೇಸಿಗೆ ತೋರಿಸಲು ಹೋದದ್ದು ಕಣ್ಣಿಗೆ ಕಟ್ಟಿದಂತಿದೆ. ಅತ್ತೆ ಚೀಲವನ್ನು ನನ್ನ ಕೈಗೂ ಕೊಡದೆ ತಾನೇ ಹೊತ್ತು ತಂದಿದ್ದಳು. ಡಾಕ್ಟರು ಅವಳನ್ನು ಕಂಡವರೇ, ಹೇಗಿದ್ದೀರಿ ಎಂದು ಕೇಳಲು ಹೋಗಿ ತಡೆದುಕೊಂಡರು.

“ಈ ವರ್ಷ ಈರುಳ್ಳಿ ಹೇಗಾಯಿತು ಅಮ್ಮ?”

“ಎಂತ ಈರುಳ್ಳಿ ಡಾಕ್ಟ್ರೇ, ಬೆಳೆಯೇ ಇಲ್ಲ,” ಎಂದು ಅತ್ತೆ ಚೀಲದಿಂದ ಗೊಂಚಲು ಎತ್ತಿ ಅವರ ಕೈಗಿಟ್ಟಳು. ಒಂದೊಂದು ಗಡ್ಡೆ ಕೊಬ್ಬರಿ ಗಿಟುಕಿನಷ್ಟಿತ್ತು. ಭಾರಕ್ಕೆ ಡಾಕ್ಟರ ಕೈ ಕೆಳಗಿಳಿಯಿತು; ಅವರು ಗಡಬಡಿಸಿ ಇನ್ನೊಂದು ಕೈಯನ್ನೂ ಕೊಟ್ಟು ಹಿಡಿದುಕೊಂಡರು. ಒಂದು ಗಡ್ಡೆಯೂ ಉದುರಲಿಲ್ಲ.

“ಅಯ್ಯೋ ಪಾಪ,” ಎಂದರು ಅವರು, ಗೊಂಚಲನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತ. “ಹಾಗಾದರೆ ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು.”